ಸ್ವತಂತ್ರ ಪತ್ರಕರ್ತನ ಪಾಡು

ಬೆಳಗಿನ ಕಾಫಿಯೊಡನೆ ವೃತ್ತಪತ್ರಿಕೆಯನ್ನು ಬಿಡಿಸುವ ನಾವು ಸುದ್ದಿಯನ್ನು ಓದುತ್ತೇವೆ. ಅದನ್ನು ತಂದವರಾರು ಎಂದು ವಿಚಾರಿಸುವುದು ಅಪರೂಪ. ತಿಂಗಳ ಸಂಬಳ, ರಜೆ, ಭವಿಷ್ಯನಿಧಿ ಉಳ್ಳವರು ಕೆಲವರು. ಇವು ಯಾವುವೂ ಇಲ್ಲದೆ, ಲೇಖನವೊಂದಕ್ಕೆ ಇಷ್ಟೆಂದು ಸಂಭಾವನೆ ಪಡೆದು ಬದುಕುವವರು ಇನ್ನು ಕೆಲವರು. ಇವರನ್ನು ಹವ್ಯಾಸಿ ಪತ್ರಕರ್ತರೆಂದು ಕರೆಯುವ ವಾಡಿಕೆಯುಂಟು. ಆದರೆ ಹವ್ಯಾಸವೆಂಬುದು ಹೊಟ್ಟೆ ತುಂಬಿದ ಮೇಲಿನ ಮಾತು. ಹೊಟ್ಟೆಯನ್ನೇ ಇದರಿಂದ ಹೊರೆಯಬೇಕಾದವನಿಗೆ ಆ ಹೆಸರು ಒಪ್ಪದು. ಸ್ವತಂತ್ರ ಪತ್ರಕರ್ತನೆಂದೇ ಕರೆಯೋಣ. ಆ ಸ್ವಾತಂತ್ರ್ಯಕ್ಕೆ ಅವನು ತೆರುವ ಬೆಲೆ ಏನೆಂಬುದೇ ಈ ಹೊತ್ತಿನ ವಿಚಾರ.

ಮೊದಲನೆಯದು ಹಣದ ಮಾತು. ವರದಿಗಾಗಿ ಊರೂರು ತಿರುಗುವ ಬಸ್ಸಿನ ಖರ್ಚು ಅವನ ಜೇಬಿನದು. ಲೇಖನ ಒಪ್ಪಿಗೆಯಾದರೂ ಸಂಭಾವನೆ ಬರುವುದು ಸಾಮಾನ್ಯವಾಗಿ ಅಚ್ಚಾದ ಮೇಲೆ. ಅಚ್ಚಾಗದಿದ್ದರೆ ದುಡಿದದ್ದೂ ಹೋಯಿತು, ತಿರುಗಿದ್ದೂ ಹೋಯಿತು. ಕಾಯಿದೆಯ ಆಸರೆಯಾದರೂ ಉಂಟೇ? ಪತ್ರಕರ್ತರ ಸೇವಾ ನಿಯಮಗಳಿಗಾಗಿ 1955ರಲ್ಲಿ ಕಾಯಿದೆಯೊಂದು ಬಂದಿತು. ಅದನ್ನೂ ಒಳಗೊಂಡು 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾರ್ಮಿಕ ಸಂಹಿತೆಯು ವಿದ್ಯುನ್ಮಾನ ಹಾಗೂ ಡಿಜಿಟಲ್ ಮಾಧ್ಯಮದವರನ್ನೂ ಸೇರಿಸಿಕೊಂಡಿತು. ಆದರೆ ಎರಡೂ ಕಡೆ ಒಂದು ಮಾತು ಹಾಗೆಯೇ ಉಳಿದಿದೆ: ಪತ್ರಕರ್ತನಾಗಿ ಉದ್ಯೋಗದಲ್ಲಿರುವವನು ಎಂಬ ಮಾತು. ಯಾರ ಉದ್ಯೋಗದಲ್ಲಿಯೂ ಇಲ್ಲದೆ ನಾಲ್ಕು ಪತ್ರಿಕೆಗಳಿಗೆ ಬರೆಯುವವನು ಆ ಹೊಸ್ತಿಲಿನ ಹೊರಗೇ ನಿಲ್ಲುತ್ತಾನೆ.

ಕಾಲವೂ ಬದಲಾಗಿದೆ. ಸಾಪ್ತಾಹಿಕ ಪುರವಣಿಗಳು ಒಂದು ಕಾಲದಲ್ಲಿ ಇಂಥವರ ಅನ್ನದ ಬಟ್ಟಲಾಗಿದ್ದವು. ಜಾಹೀರಾತಿನ ಹಣ ಅಂತರಜಾಲದ ಕಡೆಗೆ ಹರಿಯತೊಡಗಿ, 2020ರ ಲಾಕ್‌ಡೌನಿನಲ್ಲಿ ಎಷ್ಟೋ ಪತ್ರಿಕೆಗಳು ಪುಟ ಕಡಿಮೆ ಮಾಡಿದಾಗ ಮೊದಲು ಪೆಟ್ಟು ಬಿದ್ದದ್ದು ಹೊರಗಿನ ಬರಹಗಾರನಿಗೆ. ಮೊಬೈಲು ಹಿಡಿದು ಯೂಟ್ಯೂಬಿನಲ್ಲಿ ತನ್ನದೇ ವಾಹಿನಿ ತೆರೆಯುವ ದಾರಿ ಈಗ ಇದೆ, ನಿಜ. ಸಂಪಾದಕರ ಬಾಗಿಲು ಕಾಯಬೇಕಾಗಿಲ್ಲ. ಆದರೆ ಸಂಪಾದಕರಿಲ್ಲವೆಂದರೆ ತಪ್ಪು ತಿದ್ದುವವರೂ ಇಲ್ಲ. ಕಚೇರಿಯಿಲ್ಲವೆಂದರೆ ವಕೀಲರೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಮಾನನಷ್ಟಕ್ಕೆ 2 ವರ್ಷದವರೆಗೆ ಸಜೆಯಾಗಬಹುದು. ದೊಡ್ಡ ಪತ್ರಿಕೆ ಇಂಥ ಮೊಕದ್ದಮೆಯನ್ನು ತಡೆದುಕೊಂಡೀತು. ಒಂಟಿ ಮನುಷ್ಯನಿಗೆ ತೀರ್ಪಿಗಿಂತ ಮೊದಲು ಕೋರ್ಟಿನ ಅಲೆದಾಟವೇ ಶಿಕ್ಷೆಯಾಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಪ್ರಾಣಭಯ. ಬಿಜಾಪುರವೆಂದೊಡನೆ ನಮಗೆ ಗೋಲಗುಮ್ಮಟ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಛತ್ತೀಸಗಢದ ಬಸ್ತರ್ ಸೀಮೆಯ ಬಿಜಾಪುರ. ಅಲ್ಲಿಯ ಮುಕೇಶ್ ಚಂದ್ರಾಕರ್ ಸ್ವತಂತ್ರ ಪತ್ರಕರ್ತರು. ದೂರದರ್ಶನ ವಾಹಿನಿಗಳಿಗೆ ಸುದ್ದಿ ಕಳಿಸುತ್ತಿದ್ದರು. 'ಬಸ್ತರ್ ಜಂಕ್ಷನ್' ಎಂಬ ತಮ್ಮದೇ ಯೂಟ್ಯೂಬ್ ವಾಹಿನಿಯನ್ನೂ ನಡೆಸುತ್ತಿದ್ದರು. 2021ರಲ್ಲಿ ಮಾವೋವಾದಿಗಳ ಸೆರೆಯಲ್ಲಿದ್ದ ಸಿ.ಆರ್.ಪಿ.ಎಫ್. ಯೋಧರೊಬ್ಬರನ್ನು ಬಿಡಿಸಿ ತಂದವರ ಜೊತೆಯಲ್ಲಿ ಅವರೂ ಇದ್ದರು. 2024ರ ಕೊನೆಯಲ್ಲಿ ರಸ್ತೆ ಕಾಮಗಾರಿಯೊಂದರ ಕಳಪೆಯನ್ನು ಹೊರಗೆಡಹಿದ ವರದಿ ಪ್ರಸಾರವಾಯಿತು. 2025ರ ಜನವರಿ 1ರಂದು ಮುಕೇಶರು ಕಾಣೆಯಾದರು. 3ರಂದು ಕಂಟ್ರಾಕ್ಟರರೊಬ್ಬರಿಗೆ ಸೇರಿದ ಆವರಣದ ಸೆಪ್ಟಿಕ್ ಟ್ಯಾಂಕಿನಲ್ಲಿ ಅವರ ಶವ ಸಿಕ್ಕಿತು. ಆ ಕಂಟ್ರಾಕ್ಟರರೂ ಸೇರಿ ಹಲವರು ದಸ್ತಗಿರಿಯಾದರು. ರಾಜಧಾನಿಯಿಂದ ಹೋದ ವರದಿಗಾರ ಸಂಜೆಗೆ ತನ್ನೂರಿಗೆ ಮರಳುತ್ತಾನೆ. ಸ್ಥಳೀಯ ಬಾತ್ಮೀದಾರ ತಾನು ಯಾರ ಮೇಲೆ ಬರೆದನೋ ಅವರ ಬೀದಿಯಲ್ಲಿಯೇ ನಾಳೆ ಹಾಲು ತರಲು ಹೋಗಬೇಕು.

ಹೊರದೇಶಗಳಲ್ಲಿಯೂ ಇದೇ ಕಥೆ. ಸಿರಿಯಾದಲ್ಲಿ 2012ರಲ್ಲಿ ಅಪಹೃತರಾದ ಅಮೆರಿಕದ ಸ್ವತಂತ್ರ ಪತ್ರಕರ್ತ ಜೇಮ್ಸ್ ಫೋಲಿಯವರ ಹತ್ಯೆ 2014ರಲ್ಲಿ ಆಯಿತು. ಮರುವರ್ಷ ಹಲವು ದೊಡ್ಡ ಸುದ್ದಿಸಂಸ್ಥೆಗಳು ಒಂದು ಸುರಕ್ಷತಾ ಸೂತ್ರವನ್ನು ಒಪ್ಪಿಕೊಂಡವು: ಹೊರಗಿನ ಪತ್ರಕರ್ತನ ಯೋಗಕ್ಷೇಮವನ್ನು ತಮ್ಮ ನೌಕರನದೆಂಬಂತೆಯೇ ನೋಡಿಕೊಳ್ಳಬೇಕೆಂದು. ಮಾತು ಸರಳ. ಸುದ್ದಿ ನಮ್ಮದೆಂದು ಹೇಳಿಕೊಳ್ಳುವವರು ಅದರ ಅಪಾಯವೂ ನಮ್ಮದೆನ್ನಬೇಕು.

ಹಾಗಾದರೆ ಮನೆಯ ಮಗನೋ ಮಗಳೋ ಈ ದಾರಿ ಹಿಡಿಯುತ್ತೇನೆಂದರೆ ಬೇಡವೆನ್ನಬೇಕೆ? ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಆದರೆ ಮೂರು ಪ್ರಶ್ನೆಗಳನ್ನು ಹಿರಿಯರು ಅಗತ್ಯವಾಗಿ ಕೇಳಬೇಕು. ಸಂಭಾವನೆ, ಖರ್ಚು, ಗಡುವು ಇವು ಕಾಗದದ ಮೇಲೆ ಇವೆಯೇ? ಅಪಘಾತಕ್ಕೂ ಕಾಯಿಲೆಗೂ ವಿಮೆಯಿದೆಯೇ? ನೋಟೀಸು ಬಂದರೆ ಜೊತೆಗೆ ನಿಲ್ಲುವವರು ಯಾರು? ಇನ್ನೊಂದು ಸಂಗತಿಯನ್ನೂ ತಿಳಿಸಿಕೊಡಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೌಕರನಲ್ಲದವನು ಬರೆದ ಲೇಖನದ ಹಕ್ಕು ಅವನದೇ. ಬರವಣಿಗೆಯಲ್ಲಿ ಸಹಿ ಮಾಡಿ ಕೊಟ್ಟಲ್ಲದೆ ಅದು ಪರರ ಪಾಲಾಗದು. ಅವಧಿ ನಮೂದಿಸದಿದ್ದರೆ 5 ವರ್ಷಕ್ಕೆ ಮಾತ್ರ ಕೊಟ್ಟಂತೆ. ಆದ್ದರಿಂದ ಓದದೆ ಸಹಿ ಹಾಕಕೂಡದು.

ಓದುಗರಾದ ನಮಗೂ ಕರ್ತವ್ಯವಿದೆ. ನಮ್ಮೂರ ಕೆರೆ ಬತ್ತಿದ್ದು, ಶಾಲೆಯ ಸೂರು ಸೋರುವುದು, ರಸ್ತೆ ಮೊದಲ ಮಳೆಗೇ ಕಿತ್ತುಹೋದದ್ದು ಹೊರಗೆ ತಿಳಿಯುವುದು ಅನೇಕ ವೇಳೆ ಇಂಥ ಒಬ್ಬನಿಂದಲೇ. ಅವನ ಮೇಲೆ ಮೊಕದ್ದಮೆಯೋ ಬೆದರಿಕೆಯೋ ಬಂದಾಗ ಅದು ಪತ್ರಕರ್ತರ ಜಗಳವೆಂದು ಊರು ಸುಮ್ಮನಿರಬಾರದು. ಬಿಟ್ಟಿ ಸುದ್ದಿಯನ್ನೇ ಬಯಸದೆ, ಒಳ್ಳೆಯ ಸುದ್ದಿಗೆ ಚಂದಾ ತೆರುವ ರೂಢಿಯನ್ನೂ ಬೆಳೆಸಿಕೊಳ್ಳಬೇಕು. ಅವನ ಬಾಯಿ ಮುಚ್ಚಿತೆಂದರೆ ನಷ್ಟ ಅವನ ಮನೆಯದು ಮಾತ್ರವಲ್ಲ. ಊರಿನ ಅಹವಾಲನ್ನು ಹೊರಗೆ ಒಯ್ಯುವ ದಾರಿಯೂ ಅಂದೇ ಮುಚ್ಚುತ್ತದೆ.