ಜೀವರಕ್ಷಕ ದೋಣಿಯ ನೀರೂ ಎಣ್ಣೆಯೂ



ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ, ದೊಡ್ಡ ಹೊಳೆಯೊಂದರ ನೆರೆಯೂ ಇಲ್ಲದೆ ಬೆಳೆದಿರುವ ಬೆಂಗಳೂರಿನ ಜನರ ಮುಂದೆ ಜೀವರಕ್ಷಕ ದೋಣಿಯ ಪ್ರಸ್ತಾಪವನ್ನೆತ್ತುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಆದರೆ 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಪಶ್ಚಿಮದಲ್ಲಿಯಾದರೋ, ಮೈಸೂರು ರಸ್ತೆಯನ್ನನುಸರಿಸಿ ಕೆಂಗೇರಿಯತ್ತ ಹರಿಯುವ ವೃಷಭಾವತಿ ಜಡಿಮಳೆಗೆ ಉಕ್ಕುವ ಬಗೆಯನ್ನು ನೀವೆಲ್ಲ ಬಲ್ಲಿರಿ, 2024ರ ಅಕ್ಟೋಬರಿನಲ್ಲಿ ಕೆಂಗೇರಿ ಕೆರೆಯಲ್ಲಿ ಇಬ್ಬರು ಮಕ್ಕಳು ಮುಳುಗಿದ ದುಃಖವನ್ನೂ ಮರೆತಿರಲಾರಿರಿ. ಇಂಥ ವೇಳೆಯಲ್ಲಿ ನೀರಿಗಿಳಿಯುವ ಸಾಹಸಿಗಳನ್ನು ನಾವು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ ಸರಿ. ಆದರೆ ದೋಣಿಯ ಒಡಲಿನ ನೀರನ್ನು ಹೊರಹಾಕುವುದು, ಅದರ ಯಂತ್ರಕ್ಕೆ ಎಣ್ಣೆ ತುಂಬುವುದು ಎಂಬೆರಡು ಕೆಲಸಗಳು ಕ್ರಮವಾಗಿ ನಡೆದಿರದಿದ್ದರೆ ಆ ಸಾಹಸವೇ ಮತ್ತೊಂದು ಅಪಘಾತವಾದೀತೆಂಬುದು ನನ್ನ ದೃಢವಾದ ನಂಬಿಕೆ.

ಇವೆರಡರಲ್ಲಿ ನೀರಿನ ಚರಿತ್ರೆಯೇ ಪ್ರಾಚೀನವಾದುದು. ಹದಿನಾರನೆಯ ಶತಮಾನದ ಆದಿಯಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯಸ್, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ಹರಿಗೋಲುಗಳು ಜನರನ್ನೂ ದನಕುದುರೆಗಳನ್ನೂ ದಾಟಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವುಗಳಿಗೆ ಎಣ್ಣೆಯ ಗೊಡವೆಯಿರಲಿಲ್ಲ. ಒಸರಿದ ನೀರನ್ನು ಮೊಗೆದು ಚೆಲ್ಲಲು ಒಂದು ಪಾತ್ರೆ ಸಾಕು. ಗ್ರೀಕರ ‘ಸಿರಾಕ್ಯೂಸಿಯ’ ಎಂಬ ಮಹಾನೌಕೆಯ ತಳದ ನೀರನ್ನು ಆರ್ಕಿಮಿಡೀಸನ ತಿರುಪಿನಿಂದ ಒಬ್ಬನೇ ಮನುಷ್ಯನು ಮೇಲೆತ್ತುತ್ತಿದ್ದನೆಂದು ಪ್ರಾಚೀನ ಗ್ರೀಕ್ ಲೇಖಕ ಅಥೀನಿಯಸ್ ಹೇಳುತ್ತಾನೆ. ಜೀವರಕ್ಷಣೆಗೆಂದೇ ಹೆನ್ರಿ ಗ್ರೇಟ್‌ಹೆಡ್ ಕಟ್ಟಿದ ದೋಣಿ 1790ರಲ್ಲಿ ಇಂಗ್ಲೆಂಡಿನಲ್ಲಿ ಸೇವೆಗಿಳಿಯಿತು; ಮಗುಚಿದರೂ ತಾನಾಗಿ ನೆಟ್ಟಗಾಗಿ, ಒಳಹೊಕ್ಕ ಅಲೆಯ ನೀರನ್ನು ಕವಾಟಗಳ ಮೂಲಕ ಹೊರಕ್ಕೆ ಹರಿಸುವ ದೋಣಿಯ ನಕ್ಷೆಗೆ 1851ರಲ್ಲಿ ಜೇಮ್ಸ್ ಬೀಚಿಂಗ್ ಬಹುಮಾನ ಪಡೆದನು.

ಎಣ್ಣೆಯ ಚರಿತ್ರೆ ಮೊನ್ನೆಯದು. 1890ರ ಹಬೆಯ ಜೀವರಕ್ಷಕ ದೋಣಿ, 1904ರ ಪೆಟ್ರೋಲ್ ಯಂತ್ರದ ಪ್ರಯೋಗ, 1909ರ ಹೊತ್ತಿಗೆ ಓಲೆ ಎವಿನ್‌ರೂಡ್ ಮಾರುಕಟ್ಟೆಗೆ ತಂದ, ದೋಣಿಯ ಹಿಂಬದಿಗೆ ಬಿಗಿಯುವ ಮೋಟಾರು, ಇವು ಹುಟ್ಟು ಹಾಕುವ ತೋಳುಗಳಿಗೆ ವಿಶ್ರಾಂತಿ ಕೊಟ್ಟವೆಂಬುದು ನಿಜ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ಮೇಲೇರದೆ, ನೀರು ನಿಲ್ಲುವ ಆ ತಳದ ತಗ್ಗನ್ನೇ, ನಾವಿಕರು ಬಿಲ್ಜ್ ಎನ್ನುವ ಆ ಭಾಗವನ್ನೇ ಸೇರುತ್ತದೆ. ಅಂದಿನಿಂದ ನೀರಿನ ಕೆಲಸವೂ ಎಣ್ಣೆಯ ಕೆಲಸವೂ ಒಂದೇ ಆದವು. ಇದನ್ನು ಬಲ್ಲವರು ಕಡಮೆ.

ಆದುದರಿಂದಲೇ ಈ ಕಟ್ಟಳೆಗಳು: ಯಂತ್ರವನ್ನು ನಿಲ್ಲಿಸಿ, ಜನರನ್ನು ಇಳಿಸಿ, ಬಿಡಿ ಟ್ಯಾಂಕನ್ನು ದಡಕ್ಕೊಯ್ದು ನೆಲದ ಮೇಲಿಟ್ಟು ತುಂಬತಕ್ಕದ್ದು, ಬೀಡಿಯ ಕಿಡಿ ಹತ್ತಿರ ಸುಳಿಯಕೂಡದು, ಕೊಳವೆಯ ಬಾಯಿ ಟ್ಯಾಂಕಿನ ಬಾಯಿಗೆ ತಾಗಿಯೇ ಇರಬೇಕು, ಏಕೆಂದರೆ ಸ್ಥಿರವಿದ್ಯುತ್ತಿನ ಒಂದು ಕಿಡಿಯೂ ಸಾಕು. ಬಿಸಿಲಿಗೆ ಪೆಟ್ರೋಲು ಹಿಗ್ಗುವುದರಿಂದ ಕಂಠದವರೆಗೆ ತುಂಬಲಾಗದು. ಎರಡು ಹೊಡೆತದ (ಟೂ-ಸ್ಟ್ರೋಕ್) ಯಂತ್ರವಾದರೆ ಪೆಟ್ರೋಲಿನ ಜೊತೆಗೆ ಬೆರೆಸುವ ಎಣ್ಣೆಯ ಪ್ರಮಾಣವನ್ನು ಯಂತ್ರದ ತಯಾರಕರು ಹೇಳಿದಂತೆಯೇ ಅಳೆಯಬೇಕು. ತಳದಲ್ಲಿ ಪೆಟ್ರೋಲಿನ ವಾಸನೆ ಬಂದಲ್ಲಿ ವಿದ್ಯುತ್ ಪಂಪಿನ ಗುಂಡಿಯನ್ನು ಮುಟ್ಟದೆ, ಮೊದಲು ಗಾಳಿಯಾಡಿಸಿ, ಚೆಲ್ಲಿದುದನ್ನು ಬಟ್ಟೆಯಿಂದ ಹೀರಿ ತೆಗೆಯುವುದೇ ವಿವೇಕ.

ಪಂಪಿನ ಪರೀಕ್ಷೆ ಇನ್ನೂ ಸರಳ: ನೀರಿನ ಮಟ್ಟ ಏರಿದಾಗ ಪಂಪನ್ನು ತಾನೇ ಚಾಲೂ ಮಾಡುವ ತೇಲುಗುಂಡನ್ನು ಕೈಯಿಂದೆತ್ತಿ ನೋಡುವುದು, ಜಾಲರಿಯ ಕಸ ತೆಗೆಯುವುದು, ಕೈಪಂಪನ್ನೂ ಒಂದು ಬಕೀಟನ್ನೂ ಜೊತೆಗಿಟ್ಟುಕೊಳ್ಳುವುದು. ಕರಾವಳಿಯ ಮೀನುಗಾರರ ದೋಣಿಗಳಿಗೂ, ನಮ್ಮ ಕರಾವಳಿ ಕಾವಲು ಪೊಲೀಸರ ದೋಣಿಗಳಿಗೂ ಈ ಶಿಸ್ತು ಅನಿವಾರ್ಯ. ನೆರೆಯ ವೇಳೆ ನಗರದಲ್ಲಿ ವಿದ್ಯುತ್ತು ಹೋದರೆ ಪೆಟ್ರೋಲ್ ಬಂಕಿನ ಯಂತ್ರವೂ ನಿಲ್ಲಬಹುದು. ಎಣ್ಣೆ ಮೊದಲೇ ಸಂಗ್ರಹವಾಗಿರಬೇಕು, ಹಳೆಯದಾದುದನ್ನು ಬದಲಿಸುತ್ತಲೂ ಇರಬೇಕು.

ನಗರದ ನೆರೆನೀರಿನಲ್ಲಿ ಪಂಪಿನ ಬಾಯಿಯನ್ನು ಕಟ್ಟುವುದು, ಯಂತ್ರದ ತಿರುಗುರೆಕ್ಕೆಗೆ ಸುತ್ತುವುದು ಪ್ಲಾಸ್ಟಿಕ್ ಚೀಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಿವಾಸಿಗಳು ರಾಜಕಾಲುವೆಗೆ ಎಸೆಯುವುದು ಮಳೆಯೊಡನೆ ವೃಷಭಾವತಿಯತ್ತ, ಕೆಂಗೇರಿಯತ್ತ ಹರಿಯುತ್ತದೆ. ದಯಮಾಡಿ ಚೀಲವನ್ನು ಕಾಲುವೆಗೆ ಎಸೆಯಬೇಡಿರಿ.