ಸಕ್ಕರೆಯ ಕಾಯಿಲೆಯೊಡನೆ ಸಂಸಾರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಭಾಷೆ, ಸಾಹಿತ್ಯ, ಗಡಿಯ ಪ್ರಶ್ನೆ ಇವುಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ನಮ್ಮನ್ನು ಕರೆಯಲು ಬಂದ ಕಾರ್ಯದರ್ಶಿಗಳು ಮಾತ್ರ, "ಮಾಷ್ಟ್ರೇ, ಈ ಸಲ ನಿಮ್ಮ ಸಕ್ಕರೆಯ ಕಥೆಯನ್ನೇ ಹೇಳಿಬಿಡಿ" ಎಂದರು. ನಾವು ವೈದ್ಯರಲ್ಲ. 30 ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು. 22 ವರ್ಷಗಳಿಂದ ಮಧುಮೇಹದೊಡನೆ ಬಾಳುತ್ತಿರುವವರು. ಈ ಎರಡನೆಯದೇ ಇಂದಿನ ಮಾತಿಗೆ ನಮಗಿರುವ ಅರ್ಹತೆ. ಆದುದರಿಂದ ಯಾರಿಗೆ ಯಾವ ಮದ್ದು, ಎಷ್ಟು ಮದ್ದು ಎಂಬುದನ್ನು ನಮ್ಮಿಂದ ಯಾರೂ ನಿರೀಕ್ಷಿಸಬಾರದು.

ಈ ಕಾಯಿಲೆ ಹೊಸದಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಮಧುಮೇಹವೆಂಬ ಹೆಸರೂ ಅವರದೇ. ಹೊಸದಾದುದು ಅದರ ವ್ಯಾಪ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2008ರಿಂದ 2020ರ ವರೆಗೆ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20 ವರ್ಷ ಮೀರಿದವರಲ್ಲಿ ನೂರಕ್ಕೆ 11.4 ಮಂದಿಗೆ ಈ ಕಾಯಿಲೆ ಇದೆ. ಒಟ್ಟು ಸಂಖ್ಯೆ 10 ಕೋಟಿಗೂ ಮಿಕ್ಕಿದ್ದು. ಕೇರಳದಲ್ಲಿ ಅದು ನೂರಕ್ಕೆ 25.5. ಎಂದರೆ ಈ ಸಭೆಯಲ್ಲಿ ಒಂದೊಂದು ಸಾಲಿಗೆ ಎಂಟು ಮಂದಿ ಹಿರಿಯರು ಕುಳಿತಿದ್ದರೆ ಅವರಲ್ಲಿ ಇಬ್ಬರು ನಮ್ಮ ಬಳಗದವರು. ಅವರಲ್ಲಿ ಒಬ್ಬರಿಗಾದರೂ ತಾವು ಈ ಬಳಗಕ್ಕೆ ಸೇರಿದವರೆಂಬುದು ಇನ್ನೂ ತಿಳಿದಿರಲಾರದು. ಏಕೆಂದರೆ ಈ ಕಾಯಿಲೆ ಬಾಗಿಲು ತಟ್ಟಿ ಬರುವುದಲ್ಲ. ಬರಿಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಮೇಲ್ಪಟ್ಟು ಇದ್ದರೆ, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ, ಅದು ಮಧುಮೇಹ. ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವುದನ್ನು 'ವಯಸ್ಸಾಯಿತಲ್ಲ' ಎಂದು ತಳ್ಳಿಬಿಡುವ ಹಿರಿಯರು ನಮ್ಮಲ್ಲಿ ಬಹಳ.

ಇನ್ನು ನಮ್ಮ ಸೀಮೆಗೇ ವಿಶಿಷ್ಟವಾದ ಒಂದು ಸಂಗತಿ. ರೋಗಿಯ ಮೊದಲ ಔಷಧ ಮಾತು. ತನಗೇನಾಗುತ್ತಿದೆ ಎಂಬುದನ್ನು ಹೇಳಲಾರದವನಿಗೆ ಎಂತಹ ನಿಪುಣ ವೈದ್ಯನೂ ಅರ್ಧ ಚಿಕಿತ್ಸೆಯನ್ನೇ ಮಾಡಬಲ್ಲ. ನಮ್ಮ ಮನೆಗಳಲ್ಲಿ ಆಡುವ ನುಡಿ ತುಳುವೋ, ಹವ್ಯಕವೋ, ಕೊಂಕಣಿಯೋ, ಮರಾಟಿಯೋ ಇರಬಹುದು, ಓದುಬರಹ ಕನ್ನಡದ್ದು, ವೈದ್ಯರ ಮಾತು ಮಲೆಯಾಳದ್ದು, ಅವರು ಬರೆದುಕೊಡುವ ಚೀಟಿ ಇಂಗ್ಲಿಷಿನದು. ನಾಲ್ಕು ಕಡವುಗಳನ್ನು ದಾಟಿ ನಮ್ಮ ಕಾಲುನೋವು ವೈದ್ಯರನ್ನು ತಲುಪಬೇಕು, ಅದೇ ನಾಲ್ಕನ್ನು ದಾಟಿ ಅವರ ಸಲಹೆ ನಮ್ಮ ಅಡಿಗೆಮನೆಗೆ ಬರಬೇಕು.

ಕನ್ನಡಕ್ಕೂ ಮಲೆಯಾಳಕ್ಕೂ ಇರುವ ನೆಂಟಸ್ತಿಕೆಯೇ ಕೆಲವೊಮ್ಮೆ ತೊಡಕನ್ನು ತರುತ್ತದೆ. ನಾವು 'ಸೌಖ್ಯವಿಲ್ಲ' ಎಂದರೆ ಅವರು 'ಸುಖಮಿಲ್ಲ' ಎನ್ನುತ್ತಾರೆ, ಅಲ್ಲಿ ಅಪಾಯವಿಲ್ಲ. 'ಕ್ಷೀಣಂ ಉಂಡೋ' ಎಂದು ಕೇಳಿದರೆ ಆಯಾಸವಿದೆಯೇ ಎಂದರ್ಥ. ನಮ್ಮ ಮುದುಕಿಯರು ತಾವು ಕ್ಷೀಣಿಸಿ ಹೋಗುತ್ತಿದ್ದೇವೆಂದು ವೈದ್ಯರೇ ನುಡಿದರೆಂದು ಹೆದರಿ ಮನೆಗೆ ಬರುತ್ತಾರೆ. 'ಪನಿ' ಎಂದರೆ ಹಳಗನ್ನಡ ಓದಿದವರಿಗೆ ಹನಿ, ಅವರಿಗೆ ಜ್ವರ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು 'ಶೇಷಂ'. 'ಭಕ್ಷಣತ್ತಿನು ಶೇಷಂ' ಎಂದರೆ ಊಟವಾದ ಮೇಲೆ. ನಮ್ಮ ನೆರೆಮನೆಯ ಅಜ್ಜಿಯೊಬ್ಬರು ಅದನ್ನು ಅಚ್ಚಗನ್ನಡದಲ್ಲಿ ಗ್ರಹಿಸಿ, ಎಲೆಯಲ್ಲಿ ನಾಲ್ಕು ತುತ್ತು ಅನ್ನವನ್ನು ಶೇಷವಾಗಿ ಉಳಿಸಿ ಅದರೊಡನೆ ಮಾತ್ರೆಯನ್ನು ನುಂಗುತ್ತಿದ್ದರು. ಅದರಿಂದ ಅವರಿಗೆ ಕೇಡೇನೂ ಆಗಲಿಲ್ಲವೆನ್ನಿ. ಆದರೆ ಊಟಕ್ಕೆ ಮೊದಲು ಸೇವಿಸತಕ್ಕ ಮಾತ್ರೆ ಬೇರೆ, ಊಟದೊಡನೆ ಅಥವಾ ಅನಂತರ ಸೇವಿಸತಕ್ಕ ಮೆಟ್‌ಫಾರ್ಮಿನ್ ಬೇರೆ. ಎರಡನೆಯದು ಬರಿಹೊಟ್ಟೆಗೆ ಹೋದರೆ ಹೊಟ್ಟೆ ತೊಳಸುತ್ತದೆ. ಮೊದಲನೆಯದನ್ನು ನುಂಗಿ ಉಣ್ಣದೆ ಕುಳಿತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಒಂದು ಆಸ್ಪತ್ರೆಯಲ್ಲಿ ನಮ್ಮ ಸೋದರತ್ತೆಯವರ ಜೊತೆ ನಾವು ಕುಳಿತಿದ್ದೆವು. "ಕಾಲು ಜುಮ್ಮೆನ್ನುತ್ತದೆ, ಅಂಗಾಲಲ್ಲಿ ಹತ್ತಿ ಮೆಟ್ಟಿದ ಹಾಗೆ" ಎಂದರು ಅತ್ತೆ. ತರುಣ ವೈದ್ಯರು ಬಹಳ ಸಜ್ಜನರು, ಕಾಲುನೋವೆಂದು ಬರೆದುಕೊಂಡರು. ಹತ್ತಿ ಮೆಟ್ಟಿದಂತಾಗುವುದು ನೋವಲ್ಲ, ನೋವು ತಿಳಿಯುವ ಶಕ್ತಿ ಕುಂದುತ್ತಿರುವುದರ ಲಕ್ಷಣ. ಪಕ್ಕದಲ್ಲಿದ್ದ ದಾದಿಯೊಬ್ಬರಿಗೆ ತುಳು ಬರುತ್ತಿತ್ತು. ಅವರು ವಿವರಿಸಿದೊಡನೆ ವೈದ್ಯರ ಮುಖದ ಭಾವವೇ ಬೇರೆಯಾಯಿತು. ಅತ್ತೆಯ ಪಾದವನ್ನು ತಮ್ಮ ಮಣಿಗಂಟಿನ ಮೇಲಿಟ್ಟುಕೊಂಡು ಸಣ್ಣ ತಂತುವಿನಿಂದ ಬೆರಳು ಬೆರಳಿಗೂ ಮುಟ್ಟಿಸಿ ಪರೀಕ್ಷಿಸಿದರು. ಇಲ್ಲಿ ವೈದ್ಯರ ತಪ್ಪಿಲ್ಲ, ಅತ್ತೆಯದೂ ಇಲ್ಲ. ಆ ದಿನ ಆ ದಾದಿಗೆ ರಜೆಯಿದ್ದಿದ್ದರೆ ಎಂದು ನಾವು ಅನೇಕ ಸಲ ಯೋಚಿಸಿದ್ದುಂಟು.

ಊಟದ ಮಾತಿಗೆ ಬರೋಣ. ಗಂಜಿ ಬಿಡಬೇಕೇ ಎಂಬುದು ನಮ್ಮವರ ಮೊದಲ ಪ್ರಶ್ನೆ. ಗಂಜಿಯಿಲ್ಲದ ಬದುಕು ಬದುಕೇ ಎಂಬುದು ಅದರೊಳಗಿನ ಪ್ರಶ್ನೆ. ಕುಚ್ಚಲಕ್ಕಿಯಲ್ಲಿ ತೌಡಿನ ಅಂಶ ಸ್ವಲ್ಪ ಉಳಿದಿರುವಾಗ ಅದು ಬೆಳ್ತಿಗೆಗಿಂತ ಮೇಲು. ಆದರೆ ಮೇಲೆಂಬ ಕಾರಣಕ್ಕೆ ಎರಡು ಬಟ್ಟಲು ಉಂಡರೆ ಲೆಕ್ಕ ತಪ್ಪುತ್ತದೆ. ಹೆಚ್ಚು ಬೆಂದು ಕರಗಿದಷ್ಟೂ ಅದರ ಸಕ್ಕರೆ ಬೇಗ ರಕ್ತವನ್ನು ಸೇರುತ್ತದೆ. ನಮ್ಮ ಮನೆಯವರು ಮಾಡಿದ ಏರ್ಪಾಡು ಸರಳವಾದುದು. ಬಟ್ಟಲು ಚಿಕ್ಕದಾಯಿತು, ಬದಿಯ ಪಲ್ಯ ದೊಡ್ಡದಾಯಿತು. ಬಸಳೆ, ಹರಿವೆ, ಹುರುಳಿ, ಹೆಸರುಕಾಳು ಇವು ನಮ್ಮ ಹಿತ್ತಿಲಿನವೇ ಅಥವಾ ನಮ್ಮ ಅಂಗಡಿಯವೇ. ಮೀನು ತಿನ್ನುವವರಿಗೆ ಬೂತಾಯಿ ಇದೆ. ಪೇಟೆಯ ಡಬ್ಬಿಯಲ್ಲಿ ಬರುವ 'ಮಧುಮೇಹಿಗಳ ಬಿಸ್ಕತ್ತಿ'ಗೆ ದುಡ್ಡು ಸುರಿಯಬೇಕಾದ ಅಗತ್ಯ ನಮಗೆ ಎಂದೂ ಕಂಡುಬಂದಿಲ್ಲ.

ಮನೆಯ ಊಟ ಹೇಗೋ ಸುಧಾರಿಸುತ್ತದೆ. ಕಠಿಣವಾದುದು ಜಂಬರದ ಊಟ. ಪಂಕ್ತಿಯಲ್ಲಿ ಬೇಡವೆಂದವನಿಗೆ ಬಡಿಸುವುದೇ ನಮ್ಮಲ್ಲಿ ಔದಾರ್ಯ. "ಭಾವಾ, ಇವತ್ತೊಂದು ದಿನಕ್ಕೆ ಏನೂ ಆಗುವುದಿಲ್ಲ" ಎಂದು ಹೋಳಿಗೆ ಎಲೆಗೆ ಬೀಳುತ್ತದೆ. ಅದರ ಮೇಲೆ ತುಪ್ಪ, ತೆಂಗಿನಕಾಯಿಯ ಹಾಲು. ಬೇಸಿಗೆಯಲ್ಲಿ ನಮಗೆ ಅಂತಹ 'ಇವತ್ತೊಂದು ದಿನ'ಗಳು ವಾರಕ್ಕೆ ಮೂರು. ಸಿಟ್ಟುಮಾಡಿದರೆ ನೆಂಟಸ್ತಿಕೆ ಕೆಡುತ್ತದೆ, ತಿಂದರೆ ದೇಹ ಕೆಡುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ ಊಟಕ್ಕೆ ಕುಳ್ಳಿರುವ ಮೊದಲೇ ಬಡಿಸುವ ಹುಡುಗರನ್ನು ಕರೆದು, ಅಂಗೈಯಗಲದ ಅರ್ಧ ಹೋಳಿಗೆಯನ್ನು ಮಾತ್ರ ಹಾಕಬೇಕೆಂದು ಕೇಳಿಕೊಳ್ಳುವುದು, ಅನ್ನವನ್ನು ಅಷ್ಟಕ್ಕೆ ಸರಿಯಾಗಿ ಕಡಿಮೆ ಮಾಡುವುದು. ಉಪಚಾರ ಮಾಡುವ ಮಹನೀಯರಲ್ಲಿ ನಮ್ಮದೊಂದು ವಿಜ್ಞಾಪನೆ: ಬೇಡವೆಂದವರ ಎಲೆಗೆ ಮಜ್ಜಿಗೆಯನ್ನು ಎರಡು ಸಲ ಬಡಿಸಿ, ಅದೂ ಆತಿಥ್ಯವೇ.

ಹಾಗಲಕಾಯಿಯ ರಸ, ಮೆಂತ್ಯದ ನೀರು ಇವುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವುಗಳಿಂದ ಸ್ವಲ್ಪ ಗುಣ ಕಾಣಬಹುದು. ಕುಡಿಯುವವರು ವೈದ್ಯರಿಗೆ ತಿಳಿಸಿ ಕುಡಿಯಲಿ. ಅವನ್ನು ನಂಬಿ ಮದ್ದನ್ನು ನಿಲ್ಲಿಸಕೂಡದು. ಇನ್ಸುಲಿನ್ ಕುರಿತಾದ ಭಯವಂತೂ ಅತಿಯಾದುದು. ಸೂಜಿ ಹಿಡಿದರೆ ಕೊನೆಗಾಲ ಬಂತೆಂದು ನಮ್ಮ ಮನೆಯಲ್ಲೂ ಕಣ್ಣೀರು ಹರಿದದ್ದುಂಟು. ಚರಿತ್ರೆ ಹೇಳುವುದು ಬೇರೆ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊತ್ತಮೊದಲು ಪಡೆದ 14 ವರ್ಷದ ಬಾಲಕ ಅಂದು ಎಲುಬಿನ ಹಂದರವಾಗಿದ್ದನು. ಆಮೇಲೆ 13 ವರ್ಷ ಬದುಕಿದನು. ಕಂಡುಹಿಡಿದವರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಬದುಕಿಸಲೆಂದು ಬಂದ ವಸ್ತುವನ್ನು ನಾವು ಯಮನ ಚೀಟಿಯೆಂದು ತಿಳಿದಿದ್ದೇವೆ!

ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಏರುವುದಕ್ಕಿಂತ ಇಳಿಯುವುದೇ ಕೂಡಲೇ ಅಪಾಯಕರ. ಒಂದು ಮಳೆಗಾಲದಲ್ಲಿ ನಾವು ಬಸ್ಸಿನಲ್ಲಿ ಬರುತ್ತಿದ್ದಾಗ ಮರ ಬಿದ್ದು ರಸ್ತೆ ಕಟ್ಟಿತು. ಊಟದ ಹೊತ್ತು ಮೀರಿತು. ಮೊದಲು ಕೈ ನಡುಗಿತು, ಆಮೇಲೆ ಮೈಯೆಲ್ಲ ಬೆವರಿತು, ನಾಲಿಗೆ ತೊದಲಿತು. ಕಂಡಕ್ಟರು ನಮ್ಮನ್ನು ಕುಡಿದವರೆಂದು ತಿಳಿದು ಗದರಿಸಿದ ಮಾತು ಕಿವಿಗೆ ಬೀಳುತ್ತಿತ್ತು, ಉತ್ತರ ಹೊರಡುತ್ತಿರಲಿಲ್ಲ. ಹಿಂದಿನ ಆಸನದಲ್ಲಿದ್ದ ಮಾಪಿಳ್ಳೆ ಮುದುಕಿಯೊಬ್ಬರು ನಮ್ಮ ಮುಖ ನೋಡಿದ್ದೇ ತಡ, ತಮ್ಮ ಚೀಲದಿಂದ ಬೆಲ್ಲದ ಅಚ್ಚನ್ನು ಒಡೆದು ನಮ್ಮ ಬಾಯಿಗಿಟ್ಟರು. ಅವರ ಗಂಡನಿಗೂ ಇದೇ ಕಾಯಿಲೆಯಂತೆ. ಕಾಲು ಗಂಟೆಯಲ್ಲಿ ನಾವು ನಾವಾದೆವು. ಅಂದಿನಿಂದ ನಮ್ಮ ಅಂಗಿಯ ಕಿಸೆಯಲ್ಲಿ ಗ್ಲೂಕೋಸಿನ ಪೊಟ್ಟಣವೂ, ಕಾಯಿಲೆಯ ಹೆಸರು ಬರೆದ ಚೀಟಿಯೂ ಇರುತ್ತವೆ. ಸಕ್ಕರೆ 70ಕ್ಕಿಂತ ಇಳಿದರೆ ಮೂರು ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯುವುದು, 15 ನಿಮಿಷ ಕಾದು ಮತ್ತೆ ನೋಡುವುದು, ಆಮೇಲೆ ಊಟ ಮಾಡುವುದು: ಇದು ವೈದ್ಯರು ಕಲಿಸಿದ ಕ್ರಮ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ತೋಟದ ಕೆಲಸ ಮಾಡುವವರಿಗೆ ಕಾಲಿನ ಮಾತು ಬಹು ಮುಖ್ಯ. ಅಡಿಕೆ ತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗುವುದು ನಮ್ಮ ಹಿರಿಯರಿಗೆ ಸಂಕೋಚ. ನಮ್ಮ ಸೋದರಮಾವನವರಿಗೆ ಅಡಿಕೆಯ ಸಲಾಕೆಯ ಸಿಬಿರು ಹೆಬ್ಬೆರಳಿನ ಬುಡದಲ್ಲಿ ಹೊಕ್ಕದ್ದು ನಾಲ್ಕು ದಿನ ತಿಳಿಯಲೇ ಇಲ್ಲ. ಜಗಲಿಯ ಮೇಲೆ ಕೀವಿನ ಗುರುತನ್ನು ಕಂಡ ಮೊಮ್ಮಗಳು ಕೂಗಿಕೊಂಡಳು. ಕೊನೆಗೆ ಎರಡು ಬೆರಳುಗಳನ್ನು ಕತ್ತರಿಸಬೇಕಾಯಿತು. ಈಗ ನಾವಿಬ್ಬರೂ ರಾತ್ರಿ ಮಲಗುವ ಮೊದಲು ಕಾಲು ತೊಳೆದು, ಬೆರಳುಗಳ ಸಂದನ್ನು ಒರೆಸಿ, ಅಂಗಾಲ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳುತ್ತೇವೆ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸುತ್ತೇವೆ. ಕಣ್ಣಿನ ಒಳಪದರವನ್ನೂ ಮೂತ್ರಪಿಂಡವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದಾಗಲೆಲ್ಲ ಮಾಡಿಸಬೇಕು.

ಗಡಿಯ ಮಾತನ್ನು ಪೂರ್ತಿಯಾಗಿ ಬಿಡುವಂತಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ನಮ್ಮ ಕಾಗದಪತ್ರಗಳು ಒಂದು ಕಡೆಗೆ ಹೋದವು, ನಮ್ಮ ಕಾಯಿಲೆಗಳು ಮಂಗಳೂರಿಗೇ ಹೋಗುತ್ತಿದ್ದವು. 2020ರ ಮಾರ್ಚಿ ತಿಂಗಳ ಕೊನೆಯಲ್ಲಿ ಕೊರೋನಾ ನಿಮಿತ್ತ ತಲಪಾಡಿಯ ರಸ್ತೆ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಬಿತ್ತು. ಮಂಗಳೂರು ತಲುಪಲಾರದೆ ರೋಗಿಗಳು ಪ್ರಾಣಬಿಟ್ಟ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್ 7ರ ವೇಳೆಗೆ ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಉಳಿದಿದ್ದುದು ಒಂದೇ ಶೀಶೆ ಇನ್ಸುಲಿನ್. ನಮ್ಮಂತಹ ಮೂರು ಮನೆಯವರು ಸೇರಿ ಯಾರಲ್ಲಿ ಎಷ್ಟಿದೆಯೆಂದು ಲೆಕ್ಕ ಹಾಕಿದೆವು. ಒಬ್ಬರ ಮಗ ಕಾಸರಗೋಡು ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು ಐದನೆಯ ದಿನ ತಂದುಕೊಟ್ಟನು. ಕರೆಂಟು ಕೈಕೊಟ್ಟಾಗ ಮಣ್ಣಿನ ಗಡಿಗೆಯೊಳಗೆ ಒದ್ದೆ ಮರಳಿನ ನಡುವೆ ಅದನ್ನು ಒಣಗಿದ ಡಬ್ಬಿಯಲ್ಲಿ ಇಟ್ಟೆವು. ತಂಪುಪೆಟ್ಟಿಗೆಯಲ್ಲಿ ಇಡುವುದಾದರೂ ಹಿಮಗಟ್ಟುವ ಅರೆಯಲ್ಲಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಅಂದಿನಿಂದ ಮದ್ದನ್ನು ಒಂದು ತಿಂಗಳಿಗೆ ಮುಂಗಡವಾಗಿ ತಂದಿಡುವುದು ನಮ್ಮ ಪದ್ಧತಿ.

ಇನ್ನು ಸಂಘಕ್ಕೆ ನಮ್ಮದೊಂದು ಕೋರಿಕೆ. ನಾಟಕ, ಯಕ್ಷಗಾನ, ಸ್ಮರಣ ಸಂಚಿಕೆ ಇವೆಲ್ಲ ನಡೆಯಲಿ. ಅದರೊಡನೆ, ಕಿಸೆಯಲ್ಲಿ ಹಿಡಿಯುವಂತಹ ಒಂದು ಮಡಿಕೆ ಹಾಳೆಯನ್ನು ಅಚ್ಚು ಹಾಕಿಸಬೇಕು. ಎಡಬದಿಯಲ್ಲಿ ಕನ್ನಡ, ಬಲಬದಿಯಲ್ಲಿ ಮಲೆಯಾಳ. ಜುಮ್ಮೆನ್ನುವುದು, ಉರಿ, ಸೆಳೆತ, ನಿತ್ರಾಣ, ಕಣ್ಣು ಕತ್ತಲೆಗಟ್ಟುವುದು, ಊಟಕ್ಕೆ ಮೊದಲು, ಊಟದ ಅನಂತರ, ಇಂತಹ ಮಾತುಗಳು. ಹಿಂಬದಿಯಲ್ಲಿ ರೋಗಿಯ ಹೆಸರು, ಮದ್ದಿನ ಹೆಸರು, ಹೊತ್ತು, ಪ್ರಮಾಣ ಬರೆಯಲು ಜಾಗ. ವೈದ್ಯರು ಓದಲಿ, ಸೊಸೆ ಓದಲಿ, ಬಸ್ಸಿನ ಕಂಡಕ್ಟರೂ ಓದಲಿ. ಹಾಳೆಯನ್ನು ಅಚ್ಚಿಗೆ ಕೊಡುವ ಮೊದಲು ಎರಡೂ ಭಾಷೆ ಬಲ್ಲ ವೈದ್ಯರೊಬ್ಬರಿಗೆ ತೋರಿಸುವ ಹೊಣೆಯನ್ನು ನಾವು ಹೊರುತ್ತೇವೆ.

ಮಾದರಿಯೊಂದನ್ನು ಕೈಬರಹದಲ್ಲಿ ಸಿದ್ಧಮಾಡಿ ತಂದಿದ್ದೇವೆ. ಸಭೆ ಮುಗಿದ ಮೇಲೆ ಅದು ಬಾಗಿಲ ಬಳಿಯ ಮೇಜಿನ ಮೇಲೆ ಇರುತ್ತದೆ. ಈವರೆಗೆ 64 ಮಾತುಗಳಾಗಿವೆ. ನಿಮ್ಮ ಮನೆಯಲ್ಲಿ ನೋವಿಗೆ, ಸಂಕಟಕ್ಕೆ ಆಡುವ ಮಾತು ಅದರಲ್ಲಿ ಇಲ್ಲವಾದರೆ, ತುಳುವಿನದಾದರೂ ಸರಿ, ಮರಾಟಿಯದಾದರೂ ಸರಿ, ಕೆಳಗೆ ಬರೆದಿಡಿ; ಲೇಖನಿಯನ್ನೂ ಅಲ್ಲಿಯೇ ಇಟ್ಟಿದ್ದೇವೆ.