ಓಡಿಹೋದವರ ಜಾಹೀರಾತು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)

ನನಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಅಂದರು. ಒಂದು ಡೇಟಾಬೇಸ್ ಬಗ್ಗೆ ಹೇಳುತ್ತೇನೆ. ಅದರ ತುಂಬ ಓಡಿಹೋದ ಮನುಷ್ಯರಿದ್ದಾರೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 'ಫ್ರೀಡಂ ಆನ್ ದ ಮೂವ್' ಎಂಬ ಯೋಜನೆ ಇದೆ. ಗುಲಾಮರು ತಪ್ಪಿಸಿಕೊಂಡಾಗ ಹಿಡಿದುಕೊಡಿ ಎಂದು ಒಡೆಯರು ಪತ್ರಿಕೆಗಳಿಗೆ ಕೊಟ್ಟ ಜಾಹೀರಾತುಗಳನ್ನು ಅಲ್ಲಿ ಸಾವಿರಗಟ್ಟಲೆ ಸೇರಿಸಿದ್ದಾರೆ. ಹೆಸರು, ವಯಸ್ಸು, ಉಟ್ಟ ಬಟ್ಟೆ, ಗೊತ್ತಿರುವ ಕಸುಬು, ಮೈಮೇಲಿನ ಗಾಯದ ಗುರುತು, ಕೊಡುವ ಬಹುಮಾನ. ನಮ್ಮ ಪತ್ರಿಕೆಯ 'ಕಾಣೆಯಾಗಿದ್ದಾರೆ' ಪ್ರಕಟಣೆಯಂತೆಯೇ ಇರುತ್ತದೆ. ಆದರೆ ನಮ್ಮಲ್ಲಿ ಹುಡುಕುವವರು ಅಪ್ಪ ಅಮ್ಮ.

1769ರಲ್ಲಿ 'ವರ್ಜೀನಿಯಾ ಗೆಜೆಟ್'ನಲ್ಲಿ ಬಂದ ಒಂದು ಜಾಹೀರಾತು ಸ್ಯಾಂಡಿ ಎಂಬಾತನದು. ವಯಸ್ಸು ಸುಮಾರು 35, ಚಪ್ಪಲಿ ಹೊಲಿಯುವ ಕಸುಬು, ಎಡಗೈಯವನು. ಹೋಗುವಾಗ ಕುದುರೆಯನ್ನೂ ಹೊಡೆದುಕೊಂಡು ಹೋಗಿದ್ದ. ಕೊಟ್ಟವರು ಥಾಮಸ್ ಜೆಫರ್ಸನ್. ಮನುಷ್ಯರೆಲ್ಲ ಸಮಾನರು ಎಂಬ ಘೋಷಣೆಯನ್ನು ಏಳು ವರ್ಷದ ನಂತರ ಬರೆದ ಅದೇ ಜೆಫರ್ಸನ್! 1796ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಮನೆಯಿಂದ ಓನಾ ಜಡ್ಜ್ ಎಂಬ ಹುಡುಗಿ ತಪ್ಪಿಸಿಕೊಂಡಳು. ಬಹುಮಾನ 10 ಡಾಲರ್. ಆಕೆ ಸಿಗಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಸಾರ ಹೂಡಿ, 1848ರವರೆಗೆ ಬದುಕಿದಳು.

ಬೈದು ಬರೆಯಲು ಕೂತ ಒಡೆಯನೇ, ಗುರುತು ಸಿಗಲಿ ಎಂದು, ಈತ ಓದುಬರಹ ಬಲ್ಲವನು, ಒಳ್ಳೆಯ ಬಡಗಿ, ಎರಡು ಭಾಷೆ ಆಡುತ್ತಾನೆ ಎಂದು ಬರೆಯಬೇಕಾಯಿತು. ಬೆನ್ನ ಮೇಲೆ ಬಾಸುಂಡೆ ಇದೆ ಎಂದು ಬರೆದರೆ ಹೊಡೆದವರು ಯಾರು ಎಂಬುದಕ್ಕೂ ಅದೇ ಸಾಕ್ಷಿ.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. 1780ರ ದಶಕದ ಕಲ್ಕತ್ತಾ ಪತ್ರಿಕೆಗಳಲ್ಲೂ ಓಡಿಹೋದ ಗುಲಾಮ ಹುಡುಗರಿಗಾಗಿ ಇಂಥ ಜಾಹೀರಾತು ಬರುತ್ತಿದ್ದವು. ನಮ್ಮ ಉತ್ತರ ಕನ್ನಡದ ಸಿದ್ದಿಗಳನ್ನೇ ನೋಡಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡು ಸೇರಿದರು. ಇಂದಿನ ಸಿದ್ದಿಗಳಲ್ಲಿ ಬಹಳಷ್ಟು ಜನ ಅವರ ಸಂತತಿ. ಅಡವಿಯೇ ಅವರನ್ನು ಉಳಿಸಿತು. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು.

ಕೊಡಗಿನ ಕಾಫಿ ತೋಟಗಳಿಗೆ ಜಾಹೀರಾತೇ ಬೇಕಿರಲಿಲ್ಲ, ಕಾನೂನೇ ಇತ್ತು. 1859ರ ಕಾಯಿದೆಯ ಪ್ರಕಾರ ಮುಂಗಡ ಪಡೆದ ಕೂಲಿಯಾಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ವಾಪಸ್ ಕಳಿಸಬಹುದಿತ್ತು, ಒಪ್ಪದಿದ್ದರೆ ಮೂರು ತಿಂಗಳ ಜೈಲು. ಅದನ್ನು ರದ್ದು ಮಾಡುವ ಶಾಸನ ಬಂದಿದ್ದು 1925ರಲ್ಲಿ. ಜೀತ ಪದ್ಧತಿ ಕಾನೂನಿನಲ್ಲಿ ಹೋಗಿದ್ದಂತೂ 1975–76ರಲ್ಲಿ, ನಮ್ಮ ಹಿರಿಯರು ಕಂಡ ಕಾಲದಲ್ಲೇ. ಆ ಕಾಯಿದೆಯಲ್ಲಿ ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಮಾತಿದೆ: ಜೀತದ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸಜೆ. ಇಟ್ಟಿಗೆ ಗೂಡಿನಲ್ಲೋ ಕ್ವಾರಿಯಲ್ಲೋ ಮುಂಗಡದ ಲೆಕ್ಕ ತೋರಿಸಿ ಯಾರನ್ನಾದರೂ ಕೂಡಿಹಾಕಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಬಹುದು.

ಈಗ ನನ್ನ ಕಸುಬಿನ ಒಂದು ಸಂಗತಿ. ಬಿಇ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ಆ ಕಂಪನಿಯವರು (ಹೆಸರು ಬೇಡ) ನನ್ನ ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿಯನ್ನು ಇಟ್ಟುಕೊಂಡು ಎರಡು ವರ್ಷದ ಬಾಂಡ್ ಬರೆಸಿಕೊಂಡರು. ಇದನ್ನು ಗುಲಾಮಗಿರಿ ಎಂದರೆ ಸ್ಯಾಂಡಿಗೆ ಅವಮಾನ. ನನಗೆ ಸಂಬಳ ಇತ್ತು, ಎಸಿ ಇತ್ತು, ಕ್ಯಾಬ್ ಇತ್ತು. ಆದರೂ ಈ ಶಾಲೆಯ ಹೆಸರಿದ್ದ ಆ ಕಾಗದ ಬೇರೆಯವರ ಬೀರುವಿನಲ್ಲಿದ್ದಷ್ಟು ದಿನ ಬಿಟ್ಟು ಹೋಗುತ್ತೇನೆ ಎಂಬ ಮಾತು ಬಾಯಿಗೆ ಬರಲಿಲ್ಲ.

ಹತ್ತನೇ ತರಗತಿಯ ಮಕ್ಕಳೇ, ಕೆಲಸ ಕೊಡುವವರಿಗೆ ಮೂಲಪ್ರತಿ ತೋರಿಸಿ, ಜೆರಾಕ್ಸ್ ಕೊಡಿ, ಮೂಲಪ್ರತಿ ಮನೆಗೆ ತನ್ನಿ. ಊಟದ ನಂತರ ನಾನು ಕಂಪ್ಯೂಟರ್ ರೂಮಿನಲ್ಲಿರುತ್ತೇನೆ. ಆ ಜಾಹೀರಾತುಗಳನ್ನು ನೋಡುವ ಮನಸ್ಸಿದ್ದವರು ಬನ್ನಿ.